ಒಂದು ಒಲೆ, ಒಂದು ಮನೆ

ಮಲಾಡ್ ಪೂರ್ವ, ಮುಂಬಯಿ
ರವಿವಾರ, 6 ಜುಲೈ 2025

ಪ್ರೀತಿಯ ನೇತ್ರಕ್ಕಾ,

ನಿನ್ನ ಜಗಳಗಂಟಿ ತಂಗಿ ಶುಭಾಂಗಿಯ ನಮಸ್ಕಾರ. ಮೊದಲು ಬೈದು ಮುಗಿಸು, ಆಮೇಲೆ ಓದು. ಯುಗಾದಿಗೆ ನೀನು ಬರೆದ ಪತ್ರಕ್ಕೆ ಕಾರಹುಣ್ಣಿಮೆ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ನೀನು ಕಳಿಸಿದ ಶೇಂಗಾ ಚಟ್ನಿ ತೀರಿ, ಡಬ್ಬಿ ತೊಳೆದಿಟ್ಟು, ಆ ಡಬ್ಬಿಯನ್ನು ಅವ್ವ ಯಾರಿಗೋ ಕೊಟ್ಟೂ ಆಯಿತು. ತಪ್ಪು ನನ್ನದೇ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು ನಾಲ್ಕು ಬುದ್ಧಿವಾದ ಹೇಳಿ ಮುಗಿಸಿರುತ್ತೀ. ವಾಟ್ಸಾಪಿನಲ್ಲಿ ಬರೆದರೆ ನಿನ್ನ ಮಗ ಸಚಿನ ಗೇಮ್ ಆಡುತ್ತಲೇ ಎಲ್ಲ ಓದುತ್ತಾನೆ. ಇದು ನೀನೊಬ್ಬಳೇ ಓದಬೇಕಾದದ್ದು. ವಿಜಯಪುರದ ಬಿಸಿಲು ಇಳಿಯಿತೇ? ಇಲ್ಲಿ ಮಳೆ ಹಿಡಿದು ಹದಿನೈದು ದಿನವಾಯಿತು, ಬಟ್ಟೆ ಒಣಗುತ್ತಿಲ್ಲ.

ಅವ್ವನ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿದೆ. ವೈನಿ ಬಾಲ್ಕನಿಯಲ್ಲಿ ಬೇರೆ ಗ್ಯಾಸ್ ಇಟ್ಟುಕೊಂಡು ಐದು ವರ್ಷವಾಯಿತು, ನಿನಗೆ ಗೊತ್ತು. ಅಣ್ಣ ಅಮಿತ ಮಾತ್ರ ಎರಡೂ ಕಡೆ ಊಟ ಮಾಡಿ ದಪ್ಪಗಾಗಿದ್ದಾನೆ. ಹೋದ ವಾರ ಬೆಳಗಾವಿಯಿಂದ ಖಂಡಪ್ಪ ಕಾಕಾ ಬಂದಿದ್ದರು. ಅವರು ಲಿಫ್ಟಿನಿಂದ ಇಳಿಯುವುದರೊಳಗೆ ಅವ್ವ ಯಾವಾಗಿನಂತೆ ಬಾಲ್ಕನಿಗೆ ಹಳೇ ಸೀರೆ ಪರದೆ ಕಟ್ಟಿಬಿಟ್ಟಳು. ಊಟಕ್ಕೆ ಕೂತಾಗ ಶುರುವಾಯಿತು: "ಮುಂಬೈದಾಗ ಇದ್ದರೂ ನಮ್ಮದು ಒಂದ ಒಲಿ ನೋಡ್ರಿ ಕಾಕಾ. ಮಗ-ಸೊಸಿ ಒಂದ್ ದಿನಾ ಬ್ಯಾರೆ ಉಂಡಿಲ್ಲ." ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ತಲೆ ಬಗ್ಗಿಸಿ ರೊಟ್ಟಿ ಮುರಿದೆ. ನಾನೂ ಪರದೆಯ ಒಂದು ತುದಿ ಹಿಡಿದಿದ್ದೆ, ಕಟ್ಟುವಾಗ.

ಇದನ್ನು ಯಾಕೆ ಮೊದಲು ಬರೆದೆ ಅಂತ ಮುಂದೆ ಗೊತ್ತಾಗುತ್ತದೆ.

ನಾನು ನಾಲ್ಕು ವರ್ಷ ಹೋಗಿಬಂದ ಕರಂಜಪಾಡಾ ನಿನಗೆ ನೆನಪಿರಬೇಕು. ನಮ್ಮ ಬಿಲ್ಡಿಂಗಿನಿಂದ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ, ಆಮೇಲೆ ಕಾಡಿನಂಚಿನಲ್ಲಿ ಅರ್ಧ ತಾಸು ನಡಿಗೆ. ವಾರ್ಲಿ ಆದಿವಾಸಿಗಳ ಹಟ್ಟಿ, ಅವರ ಮಾತಿನಲ್ಲಿ ಪಾಡಾ. ನೀನು ಒಮ್ಮೆ ನನ್ನ ಜೊತೆ ಬಂದು, ಚಿರತೆ ಬರುತ್ತದೆ ಅಂತ ಕೇಳಿ ಅಲ್ಲಿಂದಲೇ ವಾಪಸ್ಸು ಓಡಿದ್ದೆ. ಅಲ್ಲಿಯ ಬಾರಕೀ ಆಜಿಯ ಅಂಗಳದಲ್ಲಿ ಕೂತೇ ನಾನು ನನ್ನ ಪಿಎಚ್‌ಡಿ ಬರೆದದ್ದು. ಆಜಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಏಳು ಮೊಮ್ಮಕ್ಕಳು. ಮನೆಗೆ ಬಾಗಿಲು ಮೂರು, ಸೂರು ಒಂದು.

ನಮ್ಮ ಮಾನವಶಾಸ್ತ್ರದಲ್ಲಿ ಮನೆ ಅಂದರೆ ಏನು ಅನ್ನುವುದೇ ದೊಡ್ಡ ಚರ್ಚೆ. ಗೋಡೆ ಎಣಿಸಬೇಕೋ, ಬಾಗಿಲು ಎಣಿಸಬೇಕೋ, ರೇಷನ್ ಕಾರ್ಡೋ? ನಾನು ಜಾಣೆ. ಆ ಜನ ಏನನ್ನು ಮನೆ ಅನ್ನುತ್ತಾರೋ ಅದನ್ನೇ ಎಣಿಸುತ್ತೇನೆ ಅಂದೆ. ಅವರು ಒಲೆ ಅಂದರು. ಒಂದು ಒಲೆಯಲ್ಲಿ ಬೇಯಿಸಿದ್ದನ್ನು ಉಂಡವರೆಲ್ಲ ಒಂದು ಮನೆ. ಒಲೆ ಬೇರೆ ಮಾಡುವುದೆಂದರೆ ಅವರಲ್ಲಿ ಹಿರಿಯರ ಮುಖಕ್ಕೆ ಮಸಿ ಬಳಿದ ಹಾಗೆ. ನಾನು ಮನೆಮನೆಗೂ ಹೋಗಿ ಎಣಿಸಿದೆ, ನಲವತ್ಮೂರು ಒಲೆ. ನನ್ನ ಗುರು ಸದಾನಂದ ಸರ್ ಅದನ್ನು ಓದಿ ಚಹಾ ಆರುವ ತನಕ ಹೊಗಳಿದರು. ಆ ಅಧ್ಯಾಯಕ್ಕೆ ಬಹುಮಾನ ಬಂದಾಗ ನೀನು ಓಣಿಗೆಲ್ಲ ಪೇಡೆ ಹಂಚಿದೆ.

ಈಗ ಕೇಳು. ಆ ಕಾಡಿನಂಚಿನಲ್ಲಿ ಒಂದು ರಸ್ತೆ ಬರುತ್ತಿದೆ. ಪಾಡಾದವರಿಗೆಲ್ಲ ಸರ್ಕಾರದವರು ದೂರದ ಬಿಲ್ಡಿಂಗಿನಲ್ಲಿ ಮನೆಗೊಂದರಂತೆ ಒಂದೇ ಕೋಣೆಯ ಖೋಲಿ ಕೊಡುತ್ತಾರಂತೆ. ಕೆಲವರಿಗೆ ಅದು ಬೇಕು, ಕೆಲವರಿಗೆ ಬೇಡ. ಆಜಿಯ ಎರಡನೇ ಸೊಸೆ ಮಥಿಗೆ ಬೇಕು. ನಲ್ಲಿ ನೀರು, ಬಾಗಿಲಿಗೆ ಚಿಲಕ, ಮಗಳಿಗೆ ಹತ್ತಿರದ ಶಾಲೆ. ಆಜಿಗೆ ಬೇಡ. "ನಮ್ಮ ವಾಘೋಬಾ ಏಳನೇ ಮಜಲಿಗೆ ಲಿಫ್ಟಿನ್ಯಾಗ ಬರ್ತಾನೇನು?" ಅನ್ನುತ್ತಾಳೆ. ಅವರ ಹುಲಿದೇವರು ಅವನು, ಹುಣಸೆಮರದ ಕೆಳಗೆ ಕೇಸರಿ ಬಳಿದ ಕಲ್ಲು. (ಅವರ ಮರಾಠಿಯನ್ನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ, ನಿನಗೆ ಓದಲು ಸುಲಭ.) ಬೇಕೋ ಬೇಡವೋ, ಯಾರೂ ಕೇಳಲಿಲ್ಲ. ಹೋದ ಸೋಮವಾರ ಅಂಗನವಾಡಿಯ ಗೋಡೆಗೆ ಪಟ್ಟಿ ಅಂಟಿಸಿ ಹೋದರು.

ಪಟ್ಟಿಯಲ್ಲಿ ನಲವತ್ಮೂರು ಹೆಸರು.

ಆಜಿಯ ದೊಡ್ಡ ಮಗ ಲಾಡಕ್ಯಾ ಫೋನ್ ಮಾಡಿದ, "ತಾಈ, ಲಗೂನ ಬಾ" ಅಂದ. (ಅವರಿಗೆಲ್ಲ ನಾನು ತಾಈ, ಅಕ್ಕ.) ನಾನು ಹೋಗಿ ನೋಡಿದೆ. ಎಪ್ಪತ್ತು ಸಂಸಾರ ಇರುವ ಹಟ್ಟಿಗೆ ನಲವತ್ಮೂರು ಖೋಲಿ. ಆಜಿಯ ಮನೆಗೆ ಒಂದು, ಹದಿನಾಲ್ಕು ಜನಕ್ಕೆ! ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಇದಕ್ಕೆ ಆಧಾರ ನಾನು ಪಿಎಚ್‌ಡಿ ಮಾಡಿದ ಸಂಸ್ಥೆಯ ಸರ್ವೆ ಅಂತ ಬರೆದಿತ್ತು, ಅಂದರೆ ನನ್ನದೇ. ನನ್ನ ಹೆಸರಿಲ್ಲ. ಅಕ್ಕಾ, ಹೆಸರಿಲ್ಲ ಅಂತ ನೋಡಿದ ಕೂಡಲೇ ನನಗೆ ಮೊದಲು ಸಮಾಧಾನವಾಯಿತು. ನಿನ್ನ ಮುಂದೆ ಸುಳ್ಳು ಯಾಕೆ ಹೇಳಲಿ.

ಆ ಸರ್ವೆ ನನ್ನದು ಅಂತ ಪಾಡಾದವರಿಗೂ ಗೊತ್ತಾಗಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಪಾಡಾಕ್ಕೆ ಕಾಗದ ಹಿಡಿದು ಬರುವವರಿಗೇನು ಕಡಿಮೆಯೇ? ಮರ ಎಣಿಸುವವರು, ಚಿರತೆ ಎಣಿಸುವವರು, ಮಕ್ಕಳ ತೂಕ ನೋಡುವವರು, ಗೋಡೆಯ ಚಿತ್ರದ ಫೋಟೋ ಹೊಡೆಯುವವರು. ಅವರ ಪಾಲಿಗೆ ನಾನು ಎಣಿಸುವವಳಲ್ಲ, ಮನೆಯವಳು. ಲಾಡಕ್ಯಾ ನನ್ನ ಮುಂದೆಯೇ ಅಂದ: "ಯಾವನೋ ಸೂಳೆಮಗ ಕುರ್ಚಿ ಮ್ಯಾಲೆ ಕುಂತು ಬರದಾನ ತಾಈ. ನೀ ಇಂಗ್ಲಿಷ್‌ನ್ಯಾಗ ಒಂದ್ ಅರ್ಜಿ ಬರಕೊಡು." ನಾನು ಆಜಿಯ ಚಾಪೆಯ ಮೇಲೆ ಕೂತು, ನನ್ನ ಸರ್ವೆಯ ವಿರುದ್ಧ ನಾನೇ ಅರ್ಜಿ ಬರೆದೆ. ಬಹಳ ಚೆನ್ನಾಗಿಯೂ ಬರೆದೆ, ಹಾಳಾದ್ದು.

ಎರಡು ದಿನ ಬಿಟ್ಟು ಖೋಲಿ ಹಂಚುವ ಆಫೀಸಿನ ಸಾಹೇಬ ಉತ್ತರ ಹೇಳಿದ. ಒಲೆ ಬೇರೆ ಇದ್ದರೆ ಖೋಲಿ ಬೇರೆ, ಬರುವ ಗುರುವಾರ ತಾನೇ ಬಂದು ನೋಡುತ್ತಾನೆ. ಕೇಳಿದ್ದೇ ತಡ, ಪಾಡಾದ ತುಂಬ ಒಲೆ ಹೂಡುವ ಗಡಿಬಿಡಿ. ಮೊನ್ನೆ ಹೋದರೆ ಎಲ್ಲಿ ನೋಡಿದರೂ ಮೂರು ಕಲ್ಲು, ಹಸಿ ಮಣ್ಣು, ಮಳೆಯಲ್ಲಿ ಹೊತ್ತಿಕೊಳ್ಳದ ಪುರಳೆ, ಕಣ್ಣು ಉಜ್ಜಿಕೊಳ್ಳುವ ಹೆಂಗಸರು. ಅಣ್ಣತಮ್ಮಂದಿರು ನಗುತ್ತಲೇ ಪಾತ್ರೆ ಹಂಚಿಕೊಳ್ಳುತ್ತಿದ್ದರು. ಒಂದು ಮನೆಯಲ್ಲಿ ಮಾತ್ರ ತಾಟು ಹಂಚುವಾಗ ನಗು ನಿಂತು ಜಗಳವೇ ಆಯಿತು. ಸುಳ್ಳು ಒಲೆ ಸಂಜೆಯೊಳಗೆ ನಿಜವಾಯಿತು.

ಲಾಡಕ್ಯಾ ಆಜಿಯ ಅಂಗಳದಲ್ಲೂ ಮೂರು ಕಲ್ಲು ಇಟ್ಟಿದ್ದ. ಆಜಿ ಕೋಲೂರಿಕೊಂಡು ಹೊರಗೆ ಬಂದು ಒಂದೊಂದೇ ಕಲ್ಲನ್ನು ಉರುಳಿಸಿದಳು. "ಐವತ್ತು ವರ್ಷ ನನ್ನ ಮಕ್ಕಳು ಒಂದ ಒಲಿಗೆ ಉಂಡಾರ ಅಂತ ಹೇಳೀನಿ. ನಾ ಸತ್ತ ಮ್ಯಾಲೆ ಹೂಡ್ರಿ," ಅಂದಳು. ನನಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತು. ಹಿಂದೆಯೇ, ಈ ಮುದುಕಿಯ ಹಟಕ್ಕೆ ಹದಿನಾಲ್ಕು ಜನ ಒಂದು ಖೋಲಿಯಲ್ಲಿ ಸಾಯಬೇಕಲ್ಲ ಅಂತ ಸಿಟ್ಟೂ ಬಂತು. ಯಾರ ಕಡೆ ನಿಲ್ಲಬೇಕೋ ತಿಳಿಯದೆ ಮಳೆಯಲ್ಲಿ ಛತ್ರಿ ಬಿಚ್ಚುವುದನ್ನೂ ಮರೆತು ನಿಂತಿದ್ದೆ.

ಆ ಒಲೆಗಳೂ ನಡೆಯುವುದಿಲ್ಲವಂತೆ ಅಕ್ಕಾ. ಸಾಹೇಬನಿಗೆ ಸುದ್ದಿ ಮುಟ್ಟಿದೆ. ನಿನ್ನೆ ಹೇಳಿಕಳಿಸಿದ: ಹೊಸ ಮಸಿ ಲೆಕ್ಕಕ್ಕಿಲ್ಲ. ಆಗ ಸರ್ವೆ ಮಾಡಿದವರೇ ಬಂದು, ಬೇರೆ ಒಲೆಗಳು ಆಗಲೂ ಇದ್ದವು, ನಾವು ಬರೆಯಲಿಲ್ಲ, ಅಂತ ಬರೆದುಕೊಟ್ಟರೆ ಮಾತ್ರ ಇಡೀ ಪಾಡಾವನ್ನು ಹೊಸದಾಗಿ ಎಣಿಸುತ್ತಾನೆ. ಲಾಡಕ್ಯಾ ನನಗೆ ಕೈ ಮುಗಿದ. "ತಾಈ, ನಿನಗ ಕಾಲೇಜಿನ ಮಂದಿ ಗೊತ್ತು. ಅವನ್ನ ಹುಡುಕಿ ಕರಕೊಂಡು ಬಾ. ನಾವೇನೂ ಅನ್ನಂಗಿಲ್ಲ ಅವಗ." ಮಥಿ ಪಕ್ಕದಲ್ಲೇ ಕೂತು ಪಾತ್ರೆ ತಿಕ್ಕುತ್ತಿದ್ದಳು. ಅವಳು ಮಾತಾಡಲಿಲ್ಲ.

ನಾನು ಅಲ್ಲಿಂದ ನೇರ ಸದಾನಂದ ಸರ್ ಮನೆಗೆ ಹೋದೆ. ಅವರ ಉಡುಪಿ ಕನ್ನಡ ನಿನಗೆ ಗೊತ್ತಲ್ಲ. "ಎಂತ ಹುಚ್ಚು ಮಾರಾಯ್ತಿ ನಿಂದು? ಅವರು ಒಂದೇ ಒಲೆ ಅಂದರು, ನೀನು ಬರೆದೆ. ಅದರಲ್ಲಿ ತಪ್ಪು ಎಂತ ಉಂಟು? ಈಗ ನಾನು ನೋಡಿದ್ದು ಸುಳ್ಳು ಅಂತ ಬರೆದುಕೊಟ್ಟರೆ ನಿನ್ನ ಪಿಎಚ್‌ಡಿ ಗತಿ ಏನು? ಹದಿನಾರಕ್ಕೆ ಇಂಟರ್ವ್ಯೂ ಉಂಟು, ನೆನಪಿದೆಯಲ್ಲ?" ಅಂದರು. ನೆನಪಿದೆ. ವಿಲೆ ಪಾರ್ಲೆ ಕಾಲೇಜಿನಲ್ಲಿ ಆರು ವರ್ಷದಿಂದ ಕಾಂಟ್ರಾಕ್ಟಿನ ಮೇಲೆ ಪಾಠ ಹೇಳುತ್ತಿದ್ದೇನೆ. ಈ ಸಲ ಪರ್ಮನೆಂಟ್ ಆಗುವ ಸರದಿ. ಅವ್ವ ಆಗಲೇ ಬಸವಣ್ಣನಿಗೆ ಹರಕೆ ಹೊತ್ತಿದ್ದಾಳೆ.

ಸರ್ ಹೇಳಿದ್ದೂ ಸರಿಯೇ ಅನ್ನಿಸುತ್ತದೆ. ಪಾಡಾದವರು ಹೇಳಿದ್ದನ್ನೇ ಬರೆದೆನಲ್ಲ! ಆಜಿಯ ಮಾತನ್ನು ನಂಬದೆ ಪೊಲೀಸರ ಹಾಗೆ ಹಿತ್ತಿಲಿಗೆ ನುಗ್ಗಬೇಕಿತ್ತೇ? ಜನರ ಮಾತನ್ನು ಗೌರವಿಸು ಅಂತ ಪಾಠ ಹೇಳುವವಳು ನಾನೇ. ಆದರೆ ಆಜಿಯ ಮಾತು ಜನರ ಮಾತಾದರೆ ಸೊಸೆಯಂದಿರದ್ದು ಯಾರ ಮಾತು? ಬೆಳಿಗ್ಗೆ ಒಂದು ಯೋಚನೆ, ಲೋಕಲ್ ಹತ್ತುವಾಗ ಇನ್ನೊಂದು, ಇಳಿಯುವಾಗ ಎರಡೂ ಇಲ್ಲ. ನಿನ್ನೆ ಕಾಲೇಜಿಗೆ ಹೊರಟವಳು ಪಾರ್ಲೆ ಸ್ಟೇಷನ್ ದಾಟಿ ಬಾಂದ್ರಾ ತನಕ ಹೋಗಿಬಿಟ್ಟೆ. ತಲೆ ಅನ್ನುವುದು ಮೊಸರು ಗಡಿಗೆಯಾಗಿದೆ, ಕಡೆದದ್ದೇ ಬಂತು, ಬೆಣ್ಣೆ ಬರಲಿಲ್ಲ.

ಮೊನ್ನೆ ಬರುವಾಗ ಆಜಿ ಒಂದು ಕಟ್ಟು ಶೇವಳಾ ಕೊಟ್ಟಿದ್ದಳು. ಮೊದಲ ಮಳೆಗೆ ಕಾಡಿನಲ್ಲಿ ಏಳುವ ಪಲ್ಯ ಅದು. ಜೊತೆಗೆ ಕಾಕಡ ಅನ್ನುವ ಹುಳಿಕಾಯಿಯನ್ನೂ ಕಟ್ಟಿ, "ಇದನ್ನ ಹಾಕದ ಬೇಯಿಸಬ್ಯಾಡ, ಗಂಟಲು ಹಿಡೀತೈತಿ" ಅಂತ ಮೂರು ಸಲ ಹೇಳಿದಳು. ನಾನು ವೈನಿಗೆ ಪಲ್ಯ ಕೊಟ್ಟೆ, ಕಾಯಿ ಪರ್ಸಿನಲ್ಲೇ ಉಳಿಯಿತು. ಅವಳು ಬೇಯಿಸಿ ಅವ್ವನ ಕಡೆಗೂ ಕೊಟ್ಟಳು, ಮನೆಮಂದಿಗೆಲ್ಲ ಗಂಟಲು ಕೆರೆತ. ಅಮಿತ ಬೆಲ್ಲ ತಿನ್ನುತ್ತ ಮನೆ ತುಂಬ ಓಡಾಡಿದ. ಅವ್ವ ಬೈದದ್ದು ನನಗಲ್ಲ, ವೈನಿಗೆ. ಕಾಯಿ ನನ್ನ ಪರ್ಸಿನಲ್ಲಿದೆ ಅಂತ ನಾನು ಆಗಲೂ ಹೇಳಲಿಲ್ಲ, ನೋಡು.

ಪತ್ರ ಉದ್ದವಾಯಿತು. ಮಾಮಾ ಅವರಿಗೆ ನಮಸ್ಕಾರ ತಿಳಿಸು, ಬಿ.ಪಿ. ಗುಳಿಗೆ ಬಿಡಬೇಡ ಅನ್ನು. ಸಚಿನನಿಗೆ ಈ ಮಾವಶಿಯ ತುಂಬು ಆಶೀರ್ವಾದ, ಗಣಿತದಲ್ಲಿ ಅವನು ನನ್ನ ಹಾಗೆ ಆಗದಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕಾ, ನಿನ್ನ ಮನೆಯ ದೀಪ ಸದಾ ಉರಿಯಲಿ. ಬೈಗುಳವಾದರೂ ಸರಿ, ನಾಲ್ಕು ಸಾಲು ಬರೆ.

ನಿನ್ನ
ಶುಭಾ

ತಾ.ಕ.: ಅಕ್ಕಾ, ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಸುಳ್ಳು. ನಾನು ಹಿತ್ತಿಲಿಗೆ ಹೋಗಿದ್ದೆ.

ಸರ್ವೆಯ ಕಾಲದಲ್ಲಿ ಒಂದು ದಿನ ಆಜಿ ಮೊಗಸಾಲೆಯಲ್ಲಿ ಕೂತು, ನಮ್ಮದು ಒಂದೇ ಒಲೆ ಅಂತ ಹೇಳುತ್ತಿದ್ದಾಗ ಮಥಿ ನನಗೆ ಕಣ್ಣಲ್ಲೇ ಸನ್ನೆ ಮಾಡಿ ಕರೆದಳು. ಗೋಡೆಯ ಹಿಂದೆ ಒಂದು ಮೊರ ಮುಚ್ಚಿಟ್ಟಿದ್ದಳು. ಅದನ್ನು ಸರಿಸಿದಳು. ಕೆಳಗೆ ಒಲೆ, ಮೂರು ಕಲ್ಲಿಗೂ ಗಟ್ಟಿ ಮಸಿ ಹಿಡಿದಿತ್ತು. ಅವಳು ಅದರ ಮೇಲೇ ಹಾಲಿಲ್ಲದ ಚಹಾ ಮಾಡಿ ಕೊಟ್ಟಳು. "ತಾಈ, ನನ್ನದನ್ನೂ ಬರಕೋ," ಅಂದಳು. ಹೂಂ ಅಂದೆ. ಚಹಾ ಕುಡಿದೆ. ಮತ್ತೆ ಮೊಗಸಾಲೆಗೆ ಬಂದು ಆಜಿಯ ಮುಖ ನೋಡಿದೆ, ಅದರಲ್ಲಿ ನಮ್ಮ ಅವ್ವನೇ ಕಂಡಳು, ಸೀರೆ ಪರದೆ ಕಟ್ಟುವ ಅವ್ವ. ಅಷ್ಟೇ ಅಲ್ಲ, ಅಧ್ಯಾಯದ ಹೆಸರು ಆಗಲೇ ಇಟ್ಟಾಗಿತ್ತು, ಬಲು ಚೆಂದದ ಹೆಸರು. ನೋಟಬುಕ್ಕಿನಲ್ಲಿ ಬರೆದೆ: ಬಾರಕೀಬಾಯಿ, ಒಲೆ ಒಂದು. ಆಮೇಲೆ ಯಾವ ಮನೆಯ ಹಿತ್ತಿಲಿಗೂ ಹೋಗಲಿಲ್ಲ.

ಸರ್ವೆ ಮಾಡಿದವರನ್ನು ಹುಡುಕಿ ತಾ ಅಂತ ಲಾಡಕ್ಯಾ ಕೈ ಮುಗಿದಾಗ ಮಥಿ ಯಾಕೆ ಮಾತಾಡಲಿಲ್ಲ ಅಂತ ಈಗ ನಿನಗೂ ಗೊತ್ತಾಯಿತು. ಅವಳಿಗೆ ಗೊತ್ತು. ನಾಲ್ಕು ವರ್ಷದಿಂದ ಗೊತ್ತು. ನಾನೇ ಹೇಳಲಿ ಅಂತ ಕಾದಿದ್ದಾಳೆ.

ಗುರುವಾರ ಸಾಹೇಬನಿಗೆ ಬರೆದುಕೊಡುತ್ತೇನೆ. ಕಾಗದ ಬರೆದಾಯಿತು, ಸಹಿಯೂ ಆಯಿತು, ಸರ್ ಏನಾದರೂ ಅನ್ನಲಿ. ಅದು ಕಷ್ಟವಲ್ಲ. ಮೊದಲು ಮಥಿಯ ಹಿತ್ತಿಲಿಗೆ ಹೋಗಬೇಕು. ನಾನು ಬಾಯಿ ಬಿಡುವ ಮೊದಲೇ ಅವಳು ಅದೇ ಒಲೆಯ ಮೇಲೆ ಚಹಾ ಇಡುತ್ತಾಳೆ ಅಕ್ಕಾ, ಅವಳು ಹಾಗೇ. ಅದನ್ನು ನಾನು ಹೇಗೆ ಕುಡಿಯಲಿ?