ಆಲೂಗಡ್ಡೆ ಪಾತಿಯ ಗುಂಡಿ

ಮೇ ೪, ಬೆಳಿಗ್ಗೆ

ಹಿಟ್ಟು ನಾದಿ ಮುಚ್ಚಿಟ್ಟೆ. ಮೊಮ್ಮಗಳು ಫೆನ್ಯಾ ಮಲಗಿದ್ದಾಳೆ. ಸೊಸೆ ಆರ್ಡಿತ್ ಅಡುಗೆಮನೆಯ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಕ್ಲಾಸಿಗೆ ಕೂತಿದ್ದಾಳೆ. ಇವತ್ತು ಗುಡ್ಡದ ಇಳಿಜಾರಿನ ಒಳಗೆ ನೀರು ಹೇಗೆ ಓಡುತ್ತದೆ ಅನ್ನುವ ಪಾಠ. ಬೀಟ್‌ರೂಟ್ ಹೆಚ್ಚುತ್ತಾ ಪೂರ್ತಿ ಕೇಳಿದೆ. ಏನು ಸೊಗಸು! ಹೈಸ್ಕೂಲಿನಲ್ಲಿ ಇಂಥದ್ದನ್ನು ಹೇಳಿಕೊಟ್ಟಿದ್ದರೆ ಮುಂದೆ ಓದುತ್ತಿದ್ದೆನೇನೋ... ಇರಲಿ.

ಅವಳಿಗೆ ಇದು ಸೊಗಸಲ್ಲ, ಗಡಿಬಿಡಿ. ಭೂವಿಜ್ಞಾನಿ. ಎಂಜಿನಿಯರ್ ಆಗಲಿ ಭೂವಿಜ್ಞಾನಿಯಾಗಲಿ, ಲೈಸೆನ್ಸ್ ಉಳಿಯಬೇಕಾದರೆ ಕಲಿಯುತ್ತಲೇ ಇರಬೇಕು, ಕಲಿತ ಗಂಟೆಗಳನ್ನು ಲೈಸೆನ್ಸ್ ಕೊಡುವ ಸಂಸ್ಥೆಗೆ ತೋರಿಸಬೇಕು. ಬಸಿರು, ಬಾಣಂತನ ಎಂದು ಹಿಂದೆ ಬಿದ್ದಿದ್ದಾಳೆ. ಜೂನ್ ಕೊನೆಯೊಳಗೆ ಮುಗಿಯದಿದ್ದರೆ ಲೈಸೆನ್ಸ್ ಅಮಾನತು. ಜುಲೈಗೆ ಕಾದಿರುವ ಕೆಲಸವೂ ಹೋದ ಹಾಗೆ.

"ಮಗು ನಂಗೆ ಬಿಡು. ಆ ಪರದೆ ಮುಂದಿಂದ ಏಳಬೇಡ" ಅಂದೆ.

"ಬಾತ್‌ರೂಮಿಗಾದ್ರೂ ಹೋಗ್ಬಹುದಾ ಅತ್ತೆ?"

"ಓಡಿ ಹೋಗಿ ಓಡಿ ಬಾ."

ಮಾಂಸ ಮುಟ್ಟದ ಡುಖೊಬೋರ್ ಪಂಗಡದ ನಮ್ಮ ಹಳ್ಳಿಯಲ್ಲಿ ಹೆಣ್ಣಿನ ಹೆಸರಿನ ಲೈಸೆನ್ಸ್ ಮೊಹರು ಇರುವುದು ಸುಕೆರೋಫ್ ಮನೆಯಲ್ಲಿ ಮಾತ್ರ. ನನ್ನ ಮನೆಯಲ್ಲಿ. ಅದು ಹೋಗಕೂಡದು.

ಮೇ ೧೧

ಒಳ್ಳೆಯ ಸುದ್ದಿ! ಜೂನ್‌ನಲ್ಲಿ ಎಂಜಿನಿಯರುಗಳೂ ಭೂವಿಜ್ಞಾನಿಗಳೂ ಬಂದು ದೂರದ ಒಂದು ಕುಸಿದ ಗುಡ್ಡ ನೋಡುವ ದಿನ. ನಡೆಸುವವಳು ಆರ್ಡಿತ್. ಕಲಿಸಿದರೂ ಕಲಿತ ಲೆಕ್ಕವೇ ಅಂತೆ. ಆ ಒಂದು ದಿನದಲ್ಲಿ ಬಾಕಿಯೆಲ್ಲ ಮುಗಿಯುತ್ತದೆ. ಊಟ ನನ್ನದು. ಮಾಂಸ ಕೇಳಿದವರಿಗೆ ಬಾಗಿಲು ತೋರಿಸುತ್ತೇನೆ.

ಮೇ ೨೩

ಹಿಮ ಕರಗಿ ಹೊಳೆ ಉಕ್ಕಿ ಆ ಗುಡ್ಡದ ರಸ್ತೆಯೇ ಕೊಚ್ಚಿಹೋಗಿದೆ. ಆರ್ಡಿತ್ ಮುಖ ಸಪ್ಪಗೆ.

"ಅಷ್ಟು ದೂರ ಯಾಕೆ? ನಮ್ಮ ತೋಟದಲ್ಲಿ ಕಲ್ಲಿಗೇನು ಬರವೇ? ಇಲ್ಲೇ ಅಗೆದು ತೋರಿಸು" ಅಂದೆ.

ಬಿಳಿಚಿಕೊಂಡಳು. "ಇಲ್ಲಿ ಬೇಡ ಅತ್ತೆ. ಸ್ವಂತ ಮನೆ ಬಗ್ಗೆ ನಾನು ಅಭಿಪ್ರಾಯ ಕೊಡೋ ಹಾಗಿಲ್ಲ. ನಿಯಮ."

"ಕಲ್ಲಿನ ಬಗ್ಗೆ ಎಂಥ ಅಭಿಪ್ರಾಯ?"

ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಮಗು ಅತ್ತಿರಲಿಲ್ಲ.

ಮೇ ೨೫, ಮಧ್ಯಾಹ್ನ

ಇವತ್ತು ನೀತಿ ಪಾಠ. ಇದೂ ಕಡ್ಡಾಯ. ಪರದೆಯ ಹೆಂಗಸು ಹೇಳುತ್ತಿದ್ದಳು — ಜನರಿಗೆ ಅಪಾಯ ಇದೆ ಅಂತ ಗೊತ್ತಾದರೆ ಹೇಳಲೇಬೇಕು, ಹತ್ತಿರದವರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಆರ್ಡಿತ್ ಸರಕ್ಕನೆ ಸದ್ದು ತಗ್ಗಿಸಿದಳು.

ಚಾಕು ಕೆಳಗಿಟ್ಟೆ. "ನನ್ನಿಂದ ಏನು ಮುಚ್ಚಿಟ್ಟಿದೀಯ?"

ಹೇಳಿದಳು. ತೋಟದ ಬಂಡೆಗಳು ಮೊದಲಿನಿಂದ ಅಲ್ಲಿದ್ದವಲ್ಲ. ಮನೆಯ ಹಿಂದಿನ ಕಮರಿಯಿಂದ ಕೆಸರಿನ ಜೊತೆ ಉರುಳಿ ಬಂದವು. ಒಂದು ಸಲ ಅಲ್ಲ, ಎಷ್ಟೋ ಸಲ. ಬೀಸಣಿಗೆಯ ಹಾಗೆ ಹರಡಿದ ಆ ರಾಶಿಯ ನಡುಮಧ್ಯೆ ನನ್ನ ಮಾವ ಮನೆ ಕಟ್ಟಿದ್ದಾರೆ. ಮತ್ತೆ ಬರುತ್ತದೆ. ಈ ಜೂನ್‌ನಲ್ಲೋ, ಫೆನ್ಯಾಳ ಮೊಮ್ಮಕ್ಕಳ ಕಾಲಕ್ಕೋ, ಹೇಳಲಾಗದು.

"ನಿಂಗೆ ಯಾವಾಗ ಗೊತ್ತಾಯ್ತು?"

"ಮದುವೆಗೆ ಮುಂಚೆ ಮೊದಲ ಸಲ ಬಂದೆನಲ್ಲ... ಕಾರಿಂದ ಇಳಿಯೋಕೂ ಮೊದಲು."

"ಅವತ್ತು ನನ್ನ ಮನೆ ನೋಡಿ ಚೆನ್ನಾಗಿದೆ ಅಂದೆಯಲ್ಲ!"

"ಮನೆ ಚೆನ್ನಾಗೇ ಇದೆ ಅತ್ತೆ. ಜಾಗ..."

ಜೂನ್ ೨

ಇಷ್ಟು ದಿನ ಆರ್ಡಿತ್ ಮೇಲಿನ ಸಿಟ್ಟೆಲ್ಲ ಹಿಟ್ಟಿನ ಮೇಲೆ ತೀರಿಸಿದೆ. ಯಾರೂ ತಿಂದು ಮುಗಿಸಲಾಗದಷ್ಟು ಬ್ರೆಡ್ ಬೇಯಿಸಿದೆ.

ಇವತ್ತು ಡೆಸ್ಮಂಡ್‌ಗೆ ಫೋನ್ ಮಾಡಿದೆ. ಆರ್ಡಿತ್‌ಗೆ ಕೆಲಸ ಕಲಿಸಿದ ಹಿರಿಯ ಎಂಜಿನಿಯರ್. ಪ್ರತಿ ವರ್ಷ ಸುಗ್ಗಿಯ ಊಟಕ್ಕೆ ತಂಡ ಕಟ್ಟಿಕೊಂಡು ಬರುವ ಮನುಷ್ಯ.

"ಅಯ್ಯೋ ಲುಕೇರಿಯಾ! ನಿಮ್ಗೆ ಗೊತ್ತಿದೆ ಅಂದ್ಕೊಂಡಿದ್ದೆ. ಸೊಸೆ ಹೇಳಿರ್ಲಿಲ್ವಾ?"

ತಂಡದ ಉಳಿದವರಿಗೂ ಮಾಡಿದೆ. ಎಲ್ಲರದೂ ಅದೇ ಮಾತು. ಮನೆಯವಳು ಹೇಳಿರುತ್ತಾಳೆ ಎಂದು ಹೊರಗಿನವರು ಸುಮ್ಮನೆ. ಮನೆಯವಳು ಹೇಳಬಾರದು, ಹೊರಗಿನವರು ಹೇಳಲಿ ಎಂದು ಇವಳು ಸುಮ್ಮನೆ. ಕಮರಿ ಕಾಣುವ ಕಿಟಕಿಯ ಪಕ್ಕವೇ ಕೂತು ನನ್ನ ಬೋರ್ಷ್ಟ್ ಸೂಪು ಕುಡಿದರಲ್ಲ! ಕಮರಿ ನೋಡಿದರು, ಇನ್ನೊಂದು ಬಟ್ಟಲು ಕೇಳಿದರು.

ಡೆಸ್ಮಂಡ್‌ಗೆ ಮತ್ತೆ ಫೋನ್. "ಮನೆ ಬಗ್ಗೆ ಏನಿದ್ದರೂ ನೀವು ಬರೆದು ಸಹಿ ಹಾಕಿ. ನೀವು ಹೊರಗಿನವರು ತಾನೆ? ಗುಡ್ಡ ನೋಡೋ ದಿನ ಇಲ್ಲೇ ಆಗ್ಲಿ, ಮಣ್ಣು ಆರ್ಡಿತ್ ತೋರಿಸ್ತಾಳೆ. ನನ್ನ ಆಲೂಗಡ್ಡೆ ಪಾತೀಲಿ."

"ಪಾತಿ ಹಾಳಾಗುತ್ತೆ."

"ಹಾಳಾಗ್ಲಿ."

ಹೊಳೆ ಇಳಿಯುವ ತನಕ ಯಾರೂ ಇಲ್ಲಿ ಮಲಗಕೂಡದು ಅಂದ. ತಂಗಿಯ ಮನೆಗೆ ಹಾಸಿಗೆ ಸಾಗಿಸಿದೆವು. ಅವಳ ಗೊರಕೆ ಬೇರೆ.

ಜೂನ್ ೯

ಉಗುರಿನ ಸಂದಿಯಲ್ಲಿ ಇನ್ನೂ ಕೆಸರು, ಎಂಥ ಖುಷಿ! ಮಗ ತಿಮೊಫೇ ಮರದ ಮಿಲ್ಲಿನಿಂದ ಅಗೆಯುವ ಯಂತ್ರ ತಂದ. ಗುಂಡಿ ನನ್ನ ತಲೆಗಿಂತ ಆಳ, ಪಕ್ಕಕ್ಕೆ ಹಲಗೆಯ ಆಸರೆ. ಏಣಿ ಇಟ್ಟು ನಾನೇ ಇಳಿದೆ. ಬೂದು ಕೆಸರು, ಕೆಳಗೆ ಕಪ್ಪು ಮಣ್ಣು, ಮತ್ತೆ ಬೂದು, ಅದರಲ್ಲಿ ಹೂತ ಬಂಡೆ, ಮತ್ತೆ ಕಪ್ಪು. ಪದರ ಕೇಕಿನ ಹಾಗೆ.

ಆರ್ಡಿತ್ ಮಂಡಿಯೂರಿ ಕೂತಿದ್ದಳು. "ಈ ಕಪ್ಪು ಇದೆಯಲ್ಲ, ಒಂದು ಕಾಲದ ಕಾಡಿನ ನೆಲ ಅತ್ತೆ. ಬೇರು ನೋಡಿ, ಇನ್ನೂ ಇದೆ. ಅದರ ಮೇಲೆ ಒಂದೇ ಏಟಿಗೆ ಈ ಬೂದು ಬಂದು ಕೂತಿದೆ."

"ಒಂದೇ ಏಟಿಗೆ ಅಂತ ಹೇಗೆ ಗೊತ್ತು?"

"ದೊಡ್ಡ ಕಲ್ಲು ಸಣ್ಣ ಕಲ್ಲು ಬೇರೆ ಬೇರೆ ಆಗಿಲ್ಲ. ಹೊಳೆ ಆಗಿದ್ರೆ ಜರಡಿ ಹಿಡಿದ ಹಾಗೆ ಇರ್ತಿತ್ತು."

ಹೆದರಬೇಕಿತ್ತು. ಹೆದರಿಕೆ ಬರಲೇ ಇಲ್ಲ. ಸೊಸೆಯಾಗಿ ಬಂದಾಗಿನಿಂದ ಇದರ ಮೇಲೆ ಆಲೂಗಡ್ಡೆ ನೆಟ್ಟಿದ್ದೇನೆ, ಒಂದು ಸಲವಾದರೂ ಕೆಳಗೆ ನೋಡಿದ್ದೆನೇ?

"ಅಮ್ಮಾ, ಹತ್ತಿ ಬಾ, ಊಟ ಆರೋಗ್ತಿದೆ" ಎಂದು ಮೇಲಿಂದ ತಿಮೊಫೇ.

"ನೀನು ತಿನ್ನು ಹೋಗು. ನಮಗೆ ಕೆಲಸ ಇದೆ."

ನಮಗೆ ಅಂದೆ. ಆರ್ಡಿತ್ ಮುಖ ತಿರುಗಿಸಿ ಮಣ್ಣು ಕೆರೆದಳು.

ಜೂನ್ ೨೦, ಪ್ರಾರ್ಥನಾ ಮಂದಿರದಲ್ಲಿ, ಊಟವಾದ ಮೇಲೆ

ಬಂದ ಎಂಜಿನಿಯರುಗಳೆಲ್ಲ ಟಿಪ್ಪಣಿ ಬರೆಯುತ್ತಿದ್ದಾರೆ. ನಾನೂ ಈ ಪುಸ್ತಕ ತೆರೆದೆ. ಬೆಳಿಗ್ಗೆ ಗುಂಡಿಯ ಸುತ್ತ ನೂಕುನುಗ್ಗಲು! ಮಕ್ಕಳ ಹಾಗೆ ಅರಚಿದರು. ಯಾರದೋ ಬೂಟು ಕೆಸರಲ್ಲೇ ಉಳಿಯಿತು. ಪಲ್ಯ ತುಂಬಿ ಬೇಯಿಸಿದ ಪಿರೋಗಿ ಒಂದೂ ಉಳಿಯಲಿಲ್ಲ. ಬಡಿಸುವಾಗ ಒಬ್ಬೊಬ್ಬರನ್ನೂ ಕೇಳಿದೆ: "ನಂಗೆ ಗೊತ್ತಿತ್ತು ಅಂದ್ಕೊಂಡಿದ್ರಾ?" ತಲೆ ತಗ್ಗಿಸಿ ತಿಂದರು.

ಈಗ ಆರ್ಡಿತ್‌ಳ ಭಾಷಣ. ಇದು ಮುಗಿದರೆ ಅವಳ ಗಂಟೆಗಳು ಪೂರ್ತಿ, ಲೈಸೆನ್ಸ್ ಭದ್ರ. ಹಿಂದಿನ ಬೆಂಚುಗಳಲ್ಲಿ ನಮ್ಮ ಹಳ್ಳಿಯವರು. ನಾನೇ ಮನೆ ಮನೆಗೆ ಹೋಗಿ ಕರೆದೆ. ಅವರ ಮನೆಗಳೂ ಅದೇ ರಾಶಿಯ ಮೇಲಿವೆ. ಅವರಿಗೆ ಇನ್ನೂ ಗೊತ್ತಿಲ್ಲ.

ಮಣ್ಣಿನ ವಿಷಯ ಚೆನ್ನಾಗಿ ಹೇಳಿದಳು. ದೊಡ್ಡ ದನಿ. ಈಗ ಪರದೆಯ ಮೇಲೆ ಊರಿನ ನಕ್ಷೆ, ನಡುವೆ ನಮ್ಮ ಮನೆ... ನಿಲ್ಲಿಸಿದಳು. ನೀರು ಕುಡಿದಳು. ಡೆಸ್ಮಂಡ್ ತನ್ನ ಬೂಟು ನೋಡಿಕೊಳ್ಳುತ್ತಿದ್ದಾನೆ. ಯಾರೋ ಕೆಮ್ಮಿದರು. ಗೊತ್ತಿತ್ತು, ಹೇಳಲಿಲ್ಲ — ಬಾಯಿಂದ ಬರಬೇಕಾದ್ದು ಅಷ್ಟೇ. ಬರುತ್ತಿಲ್ಲ. ವೇದಿಕೆಯಿಂದ ಇಳಿದುಬಿಡುವ ಹಾಗಿದೆ. ಇಳಿದರೆ ಎಲ್ಲ ಹೋಯಿತು.

ನನ್ನನ್ನೇ ನೋಡುತ್ತಿದ್ದಾಳೆ. "ಹೇಳು" ಎಂದು ತುಟಿಯಲ್ಲೇ ಅಂದೆ. ತಲೆ ಅಲ್ಲಾಡಿಸಿದಳು.

ಅವಳ ಬದಲು ನಾನು ಹೇಳುವುದಿಲ್ಲ. ಅದು ಅವಳದೇ ಮಾತು. ಆದರೆ ಪಕ್ಕದಲ್ಲಿ ನಿಲ್ಲಬಾರದು ಎಂದು ಯಾವ ನಿಯಮವೂ ಇರಲಾರದು. ಏಳುತ್ತೇನೆ. ಪುಸ್ತಕ ಕುರ್ಚಿಯ ಮೇಲೆ ಇಟ್ಟು—