ಏಳನೇ ನಂಬರ್ ಬಸ್ಸು ಮತ್ತು ಬಟಾಣಿಯ ಊಟ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯, ಬೆಳಗಿನ ಹತ್ತು ಗಂಟೆ

ಪ್ರೀತಿಯ ಅತ್ತೆ,

ಮೊದಲು ನಿಮ್ಮ ಆರೋಗ್ಯ ಹೇಗಿದೆ ಹೇಳಿ. ದೊಡ್ಡಮ್ಮನ ಮಂಡಿ ಆಪರೇಷನ್ನಿನ ನೋವು ಇಳಿಯಿತೇ? ಅವರನ್ನು ನಡೆಸುವ ಭರದಲ್ಲಿ ನಿಮ್ಮ ಸೊಂಟ ಹಿಡಿದುಕೊಳ್ಳದಿರಲಿ. ಅಕ್ಕತಂಗಿಯರಿಬ್ಬರೂ ಒಂದೇ ಕೋಣೆಯಲ್ಲಿ ಐದು ವಾರ ಜಗಳವಿಲ್ಲದೆ ಕಳೆದಿದ್ದೀರಿ ಎಂದು ನಿಮ್ಮ ಮಗ ಹೇಳಿದರು, ನಾನಂತೂ ನಂಬಲಿಲ್ಲ. ಫೋನಿನಲ್ಲೇ ಎಲ್ಲ ಹೇಳೋಣವೆಂದರೆ ನಿಮಗೆ ನನ್ನ ಮಾತು ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ "ಹೂಂ ಹೂಂ, ಆಯ್ತು" ಎಂದು ಇಟ್ಟುಬಿಡುತ್ತೀರಿ. ಇದು ಅರ್ಧ ಕೇಳಿ ಬಿಡುವ ಸುದ್ದಿಯಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಬಟಾಣಿ ಊಟ ಮಾಡುತ್ತಿದ್ದಾಳೆ! ದಿನಕ್ಕೆ ನಾಲ್ಕು ಸಲ! ಬಟ್ಟಲನ್ನು ನೆಕ್ಕುತ್ತಾ ನೆಕ್ಕುತ್ತಾ ಮೂಗಿನಿಂದ ತಳ್ಳಿಕೊಂಡು ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ಹೋಗಿರುತ್ತಾಳೆ. ನಿನ್ನೆ ತೂಕ ನೋಡಿಸಿದೆವು, ಎರಡು ಕಿಲೋ ಆರುನೂರು ಗ್ರಾಂ. ನೀವು ಹೋದಾಗ ಇದ್ದುದಕ್ಕಿಂತ ನೂರು ಗ್ರಾಂ ಜಾಸ್ತಿ. ತಕ್ಕಡಿಯ ಮೇಲೆ ನಾನೇ ನಿಂತಿದ್ದರೆ ಇಷ್ಟು ಖುಷಿ ಖಂಡಿತ ಆಗುತ್ತಿರಲಿಲ್ಲ ಬಿಡಿ.

ನಾಯಿ ಉಂಡಿತು ಅನ್ನುವುದಕ್ಕೆ ಇಷ್ಟು ಕುಣಿಯಬೇಕೇ ಅನ್ನುತ್ತೀರಿ. ಕುಣಿಯಬೇಕು ಅತ್ತೆ, ಯಾಕೆಂದರೆ ನಾನು ನಿಮಗೊಂದು ಸುಳ್ಳು ಹೇಳಿದ್ದೆ. ನೀವು ಅಲ್ಲಿಗೆ ಹೋದ ಮೊದಲ ವಾರ ಫೋನು ಮಾಡಿ ಬಟಾಣಿ ಹೇಗಿದ್ದಾಳೆ ಎಂದಾಗ "ಚೆನ್ನಾಗಿದ್ದಾಳೆ" ಎಂದೆನಲ್ಲ, ಚೆನ್ನಾಗಿರಲಿಲ್ಲ. ಹೊರಡುವ ದಿನ ಅವಳ ಊಟದ ಹೊತ್ತು ಯಾವುದು ಎಂದು ಪೆನ್ನು ಹಿಡಿದು ಕೇಳಿದ್ದೆ. "ಹೊತ್ತು ಗಿತ್ತು ಏನಿಲ್ಲ, ಹಸಿವಾದ್ರೆ ಅವಳೇ ಕೇಳ್ತಾಳೆ" ಎಂದಿರಿ. ನಾವಿಬ್ಬರೂ ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಹೋದ ಮೇಲೆ ಖಾಲಿ ಮನೆಯಲ್ಲಿ ಅವಳು ಯಾರನ್ನು ಕೇಳಬೇಕು? ಬೆಳಿಗ್ಗೆ ಬಟ್ಟಲು ತುಂಬಿಸಿಟ್ಟು ಹೋಗುತ್ತಿದ್ದೆ, ಸಂಜೆ ಬಂದರೆ ಇಟ್ಟದ್ದು ಇಟ್ಟ ಹಾಗೆ. ರಾತ್ರಿ ನಾವಿಬ್ಬರೂ ಮಾತಾಡುತ್ತಾ ಉಣ್ಣುವಾಗ ಎರಡು ತುತ್ತು ತಿಂದರೆ ಹೆಚ್ಚು. ನೀವಿಲ್ಲದ ಬೇಸರ, ನಾಲ್ಕು ದಿನದಲ್ಲಿ ಸರಿಹೋಗುತ್ತಾಳೆ ಅಂದುಕೊಂಡೆ. ಐದನೇ ದಿನ ಬಂದಾಗ ಮೇಜಿನ ಕೆಳಗೆ ಬಿದ್ದಿದ್ದಳು. ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲುತ್ತಿಲ್ಲ, ತಲೆ ತೂಗುತ್ತಿದೆ, ಕಣ್ಣು ನನ್ನನ್ನೇ ನೋಡುತ್ತಿದ್ದರೂ ಗುರುತಿಲ್ಲ. ಆಫೀಸಿನ ಚೀಲದಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿದು, ಅದರೊಳಗೆ ಅವಳನ್ನು ಮಲಗಿಸಿಕೊಂಡು ನಾಯಿ ಡಾಕ್ಟರ ಹತ್ತಿರ ಓಡಿದೆ. ಅವರು ಒಸಡಿಗೆ ಸಕ್ಕರೆ ನೀರು ಸವರುತ್ತಾ ಕೇಳಿದರು, "ತಿಂದು ಎಷ್ಟು ಹೊತ್ತಾಯ್ತು?" ಡಿಪೋದ ನಲವತ್ತೆರಡು ಬಸ್ಸುಗಳ ವೇಳಾಪಟ್ಟಿ ಬರೆದು, ಯಾವುದು ಸಂಜೆ ನಾಲ್ಕೂ ಹದಿನೇಳಕ್ಕೆ ಎಲ್ಲಿರಬೇಕು ಎಂದು ನಿದ್ದೆಯಲ್ಲೂ ಹೇಳುವವಳು ನಾನು. ಆ ಪ್ರಶ್ನೆಗೆ ಮಾತ್ರ ಬೆರಳು ಮಡಚಿ ಲೆಕ್ಕ ಹಾಕುತ್ತಾ ನಿಂತೆ. "ದೊಡ್ಡ ನಾಯಿಯಾದ್ರೆ ಒಂದು ಹೊತ್ತು ತಡ್ಕೊಳ್ಳುತ್ತೆ. ಇದು ಅಂಗೈಯಷ್ಟಿದೆ. ಹಗಲು ಹೊತ್ತಲ್ಲಿ ಐದಾರು ಗಂಟೆಗೊಂದ್ಸಲ ಹೊಟ್ಟೆಗೆ ಬೀಳ್ಲೇಬೇಕಮ್ಮ, ಇಲ್ಲಾಂದ್ರೆ ಇನ್ನೊಂದ್ಸಲ ಉಳಿಸ್ಕೊಳ್ಳೋದು ಕಷ್ಟ" ಎಂದರು. ಅರ್ಧ ಗಂಟೆಯ ಮೇಲೆ ಬಾಲದ ತುದಿ ಒಂದು ಸಲ ಅಲ್ಲಾಡಿತು ನೋಡಿ, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಅವತ್ತೇ ವೇಳಾಪಟ್ಟಿ ಬರೆದೆ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಹನ್ನೆರಡೂ ನಲವತ್ತು, ಸಂಜೆ ಐದೂ ಮುಕ್ಕಾಲು, ರಾತ್ರಿ ಒಂಬತ್ತೂ ಕಾಲು. ಒಂದೊಂದು ಹೊತ್ತಿಗೆ ಎರಡೆರಡು ಚಮಚ ಬೇಯಿಸಿದ ಕೋಳಿಚೂರು, ಒಂದು ಚಮಚ ಕ್ಯಾರೆಟ್. ಎಲ್ಲ ಸರಿ, ಆದರೆ ಮಧ್ಯಾಹ್ನದ್ದನ್ನು ಹಾಕುವವರು ಯಾರು? ನಿಮ್ಮ ಮಗ ಕರೆಂಟ್ ಮೀಟರು ಓದುತ್ತಾ ಊರಿನ ಆ ತುದಿಯಲ್ಲಿರುತ್ತಾರೆ. "ನಾನು ಬಂದು ಮುಟ್ಟೋ ಹೊತ್ತಿಗೆ ಸಂಜೆ ಊಟಾನೇ ಹಾಕ್ಬಹುದು" ಎಂದರು. ಪಕ್ಕದ ಮನೆಯ ಟೈಲರ್ ಅಕ್ಕನಿಗೆ ನಾಯಿ ಹತ್ತು ಅಡಿ ದೂರದಲ್ಲಿದ್ದರೂ ಒಂದೇ ಸಮನೆ ಸೀನು. ಕೀ ಬೇಕಾದರೆ ಇಟ್ಟುಕೊಂಡಿರುತ್ತೇನೆ ಎಂದರು. ಡಿಪೋದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನದೇ ಚಾರ್ಟು ಕಣ್ಣಿಗೆ ಬಿತ್ತು. ಏಳನೇ ನಂಬರ್ ಬಸ್ಸು ನಮ್ಮ ಬೀದಿಯ ಕೊನೆಗೇ ಬಂದು ತಿರುಗುತ್ತದಲ್ಲ! ಹನ್ನೆರಡೂ ಮೂವತ್ತಾರಕ್ಕೆ ಬರುತ್ತದೆ, ಎಂಟು ನಿಮಿಷ ನಿಂತು ಹೊರಡುತ್ತದೆ. ಅದರ ಕಂಡಕ್ಟರಮ್ಮ ಗೊತ್ತಲ್ಲ, ಕಂಚಿನ ಕಂಠದವರು, ನಿಮಗೆ ಯಾವಾಗಲೂ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದವರು. ಅಂಜುತ್ತಲೇ ಕೇಳಿದೆ. "ಕೊಡಿ ಮೇಡಂ ಕೀ. ನಮ್ಮನೇಲೂ ಎರಡಿವೆ, ನನ್ನ ಗಂಡನ್ನ ಬಿಟ್ಟು" ಎಂದರು. ಅವತ್ತಿನಿಂದ ಅವರಿಗಾಗಿ ಕೀ ಟೈಲರ್ ಅಕ್ಕನ ಬಳಿ ಇಟ್ಟು ಬರುತ್ತೇನೆ.

ಎರಡು ದಿನ ಬಟಾಣಿ ಅವರು ಹಾಕಿದ್ದನ್ನೂ ಮೂಸಿ ನೋಡಲಿಲ್ಲ, ಬೆಳಿಗ್ಗೆ ಸಂಜೆ ನಾನೇ ಗಂಜಿ, ಸಕ್ಕರೆ ನೀರು ಬಾಯಿಗೆ ಹನಿಸಿ ಉಳಿಸಿಕೊಂಡೆ. ಮೂರನೇ ದಿನ ಕಂಡಕ್ಟರಮ್ಮ ಸುಸ್ತಾಗಿ ಬಟ್ಟಲಿನ ಪಕ್ಕ ನೆಲಕ್ಕೇ ಕೂತರಂತೆ. ಕೂತವರು ಬಾಯಿ ಸುಮ್ಮನಿರದೆ ಮುಂದಿನ ಟ್ರಿಪ್ಪಿನ ಸ್ಟಾಪುಗಳನ್ನು ಕೂಗಿದ್ದಾರೆ. "ಗಡಿಯಾರದ ಕಂಬ, ಆಸ್ಪತ್ರೆ ಗೇಟು, ಹಳೇ ಸೇತುವೆ..." ಹಳೇ ಸೇತುವೆ ಬರುವಷ್ಟರಲ್ಲಿ ಬಟಾಣಿಯ ಮೂತಿ ಬಟ್ಟಲೊಳಗೆ! ಕೊನೇ ಸ್ಟಾಪಿಗೆ ಬಟ್ಟಲು ಖಾಲಿ! ಅವರು ಓಡಿಬಂದು ಹೇಳಿದಾಗ ನನಗೆ ನಂಬಿಕೆಯಿಲ್ಲ. ಸಂಜೆ ನಾನೂ ಪಕ್ಕದಲ್ಲಿ ಕೂತು ಡ್ಯೂಟಿ ಚಾರ್ಟು ಓದಿದೆ, ತಿಂದಳು. ಓದು ನಿಲ್ಲಿಸಿದೆ, ತಲೆಯೆತ್ತಿ ನಿಂತಳು. ಮತ್ತೆ ಓದಿದೆ, ಮತ್ತೆ ತಿಂದಳು. ಮಾತಾಡುವವರು ಪಕ್ಕದಲ್ಲಿಲ್ಲದಿದ್ದರೆ ಅವಳಿಗೆ ತುತ್ತು ಇಳಿಯುವುದಿಲ್ಲ ಅತ್ತೆ, ಅದು ಹಾಗೆಂದು ನೀವು ಒಂದು ಮಾತು ಹೇಳಬಾರದಿತ್ತೇ! ಈಗ ರಾತ್ರಿಯ ಪಾಳಿ ನಿಮ್ಮ ಮಗನದು. ಪಾಪ, ಅವರಿಗೆ ಬೇರೇನೂ ಹೊಳೆಯದೆ ಅವತ್ತು ಓದಿದ ಮೀಟರುಗಳ ಅಂಕಿಗಳನ್ನೇ ಒಪ್ಪಿಸುತ್ತಾರೆ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಕಳೆದ ವಾರ ಒಂದು ದಿನ ಏಳನೇ ನಂಬರ್ ಮೂರು ನಿಮಿಷ ತಡವಾಗಿ ಹೊರಟಿತು, ಯಾರೋ ದೂರು ಬರೆದರು, ಮ್ಯಾನೇಜರರು ನಮ್ಮಿಬ್ಬರನ್ನೂ ಕರೆಸಿದರು. "ಬಸ್ಸು ನಿಲ್ಲಿಸಿ ನಾಯಿಗೆ ಊಟ ಹಾಕ್ತೀರಂತೆ, ನಿಜಾನಾ?" ಕಂಡಕ್ಟರಮ್ಮ ನನ್ನ ಕಡೆ ಬೆರಳು ತೋರಿಸಿದ್ದರೆ ನ್ಯಾಯವೇ ಆಗುತ್ತಿತ್ತು. ತೋರಿಸಲಿಲ್ಲ. "ಸಾರ್, ಆ ಮೂರು ನಿಮಿಷ ನಾಯಿಗಲ್ಲ. ನಾನು ಬಾತ್‌ರೂಮಿಗೆ ಹೋಗಿದ್ದೆ. ಎಂಟು ನಿಮಿಷದಲ್ಲಿ ಅದಾದ್ರೆ ನೀರು ಕುಡಿಯಕ್ಕಾಗಲ್ಲ, ನೀರು ಕುಡಿದ್ರೆ ಊಟ ಇಲ್ಲ. ಇಷ್ಟು ದಿನ ತಡ್ಕೊಂಡೆ, ಅವತ್ತು ಆಗ್ಲಿಲ್ಲ" ಎಂದರು. ಅತ್ತೆ, ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಮಧ್ಯಾಹ್ನ ಹದಿನೈದು ನಿಮಿಷ ನಿಲ್ಲುವ ಹಾಗೆ ಮಾಡಿ ಎಂದು ಎರಡು ವರ್ಷದ ಕೆಳಗೆ ಕಂಡಕ್ಟರುಗಳೆಲ್ಲ ಕೊಟ್ಟ ಅರ್ಜಿ ಬಂದದ್ದು ನನ್ನ ಮೇಜಿಗೇ. "ಅವಕಾಶವಿಲ್ಲ" ಎಂದು ಬರೆದು ವಾಪಸು ಕಳಿಸಿದ್ದವಳೂ ನಾನೇ. ನಾಯಿಯ ಹೊಟ್ಟೆಗೆ ಹೊತ್ತು ಹುಡುಕಿದವಳಿಗೆ ಮನುಷ್ಯರ ಹೊಟ್ಟೆ ಕಂಡಿರಲಿಲ್ಲ. ನಾಯಿಗೆ ಊಟ ಹಾಕಿ ಎಂದು ಕೇಳಿದ್ದು ನಾನು ಸಾರ್, ಚಾರ್ಟಿನ ತಪ್ಪೂ ನನ್ನದೇ, ಎರಡು ದಿನ ಕೊಡಿ ಸರಿಮಾಡುತ್ತೇನೆ ಎಂದೆ. "ಹೊಸ ಬಸ್ಸು ಇಲ್ಲ, ಹೊಸ ಜನ ಇಲ್ಲ. ಇದ್ದದ್ರಲ್ಲೇ ಮಾಡಿ ತೋರ್ಸಿ. ಆಗ್ಲಿಲ್ಲಾಂದ್ರೆ ನೋಟಿಸು ನಿಮ್ಮ ಹೆಸರಿಗೇ" ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಬರೆದ ಬಸ್ಸಿನಲ್ಲಿ ನಾನೇ ದಿನವಿಡೀ ಕೂತೆ. ಬೆಳಗಿನ ಟ್ರಿಪ್ಪುಗಳಲ್ಲಿ ಸೇತುವೆಯ ಹತ್ತಿರ ಬಸ್ಸು ಸುಮ್ಮನೆ ನಿಂತು ಹೊತ್ತು ಕಳೆಯುತ್ತಿತ್ತು! ಸೇತುವೆ ರಿಪೇರಿ ಇದ್ದಾಗ ತಡವಾಗುತ್ತದೆಂದು ನಾನೇ ಸೇರಿಸಿದ್ದ ನಿಮಿಷಗಳು, ರಿಪೇರಿ ಮುಗಿದು ವರ್ಷವಾದರೂ ಹಾಗೇ ಉಳಿದಿದ್ದವು. ಅವನ್ನೆಲ್ಲ ಕಿತ್ತು ಮಧ್ಯಾಹ್ನಕ್ಕೆ ನೆಟ್ಟೆ. ಆ ದಾರಿಯ ಅಷ್ಟೂ ಬಸ್ಸುಗಳಿಗೆ ಹದಿನೈದು ನಿಮಿಷ ಸಿಕ್ಕಿತು. ಮ್ಯಾನೇಜರರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಎರಡೆರಡು ಸಲ ಕೂಡಿ ನೋಡಿದರು. ಶುಕ್ರವಾರ ಸಹಿಯಾಯಿತು! ನಾಳೆಯಿಂದಲೇ ಜಾರಿ! ಕಂಡಕ್ಟರಮ್ಮ ಡಿಪೋದ ಅಂಗಳದಲ್ಲಿ, ಎಲ್ಲ ಡ್ರೈವರುಗಳ ಎದುರಿಗೆ, ನನ್ನನ್ನು ಮಗುವಿನ ಹಾಗೆ ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದರು. ಪಕ್ಕೆ ಇನ್ನೂ ನೋಯುತ್ತಿದೆ, ಆ ನೋವೂ ಹಿತವಾಗಿದೆ.

ಬಟಾಣಿ ಈಗ ನನ್ನ ಪಾದದ ಮೇಲೇ ಮಲಗಿದ್ದಾಳೆ, ಕಾಲು ಜೋಮು ಹಿಡಿದಿದೆ, ಎಬ್ಬಿಸಲು ಮನಸ್ಸಿಲ್ಲ. ನಿಮ್ಮ ಮಗ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ದೊಡ್ಡಮ್ಮ ಬೇಗ ಮೆಟ್ಟಿಲು ಹತ್ತಲಿ. ಆ ಸುಳ್ಳಿಗೆ ಬೈಯುವುದಿದ್ದರೆ ಬಂದ ಮೇಲೆ ಬೈಯಿರಿ, ಆದರೆ ಬೇಗ ಬನ್ನಿ.

ಇಂತಿ,
ನಿಮ್ಮ ಸೊಸೆ

ತಾ.ಕ.: ನಿಲ್ಲಿ, ನಿಜವಾಗಿ ಬರೆಯಬೇಕಾದದ್ದೇ ಬಿಟ್ಟುಹೋಯಿತು. ನಿನ್ನೆ ಟೈಲರ್ ಅಕ್ಕ ಕೀ ಕೊಡುವಾಗ ಮಾತಿಗೆ ಮಾತು ಬಂದು ಹೇಳಿದರು: "ನಿಮ್ಮತ್ತೆ ಮಧ್ಯಾಹ್ನ ಊಟಾನೇ ಮಾಡ್ತಿರ್ಲಿಲ್ಲ ಕಣಮ್ಮ. ನಾಯಿಗೆ ಹಾಕಿ, ಅದರ ಜೊತೆ ಮಾತಾಡಿ ಎದ್ದುಬಿಡೋರು. ಒಬ್ಬಳೇ ತಟ್ಟೆ ಮುಂದೆ ಕೂತ್ರೆ ಗಂಟಲಲ್ಲಿ ಇಳಿಯಲ್ಲ ಅಂತಿದ್ರು." ಮದುವೆಯಾಗಿ ಬಂದ ಎಂಟು ವರ್ಷದಿಂದ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೇನೆ, ಒಂದು ದಿನವೂ ನಿಮ್ಮನ್ನು ಊಟವಾಯಿತೇ ಎಂದು ಕೇಳಲಿಲ್ಲ. ಅತ್ತೆ, ಹೊಸ ಚಾರ್ಟಿನಲ್ಲಿ ನನ್ನ ಊಟದ ಬಿಡುವನ್ನೂ ಬದಲಿಸಿಕೊಂಡಿದ್ದೇನೆ, ಅದಕ್ಕೂ ಸಹಿಯಾಗಿದೆ. ನೀವು ಬಂದ ಮಾರನೆಯ ದಿನದಿಂದ ಏಳನೇ ನಂಬರಿನಲ್ಲಿ ಬರುತ್ತೇನೆ. ಬೀದಿಯ ಕೊನೆಯಿಂದ ಮನೆಗೆ ಒಂದು ನಿಮಿಷ, ಕೈಕಾಲು ತೊಳೆಯಲು ಮೂರು. ಹನ್ನೆರಡೂ ನಲವತ್ತಕ್ಕೆ ಎರಡು ತಟ್ಟೆ ಹಾಕಿಡಿ.