ಕಳಿಸಿದವರ ಹೆಸರಿಲ್ಲದ ಲಕೋಟೆಗಳು

ಗುರುವಾರ, ಮಧ್ಯಾಹ್ನದ ಬಿಡುವಿನಲ್ಲಿ

ಗಡಿಯಾರ ರಿಪೇರಿಯವರೇ,

‘ಪ್ರಿಯ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ನಿಮ್ಮನ್ನು ರೇಗಿಸಲು ಹೀಗೇ ಕರೆಯುತ್ತಿದ್ದೆ, ಅದೇ ಇರಲಿ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ನಾಲ್ಕು ಗಂಟೆ ಕೂರುತ್ತೀರಲ್ಲ, ಅಲ್ಲಿ ಓದಿ. ಅವಳು ಪಕ್ಕದಲ್ಲಿದ್ದಾಗ ಮಾತ್ರ ಬೇಡ.

ಸೋಮವಾರ ನನ್ನ ಒಂದು ಕಿಡ್ನಿ ತೆಗೆದು ನಿಮಗೆ ಹಾಕುತ್ತಾರೆ. ಅದಕ್ಕೆ ಮೊದಲು ನಿಮಗೊಂದು ವಿಷಯ ತಿಳಿದಿರಬೇಕು. ನಿಮ್ಮ ಕಿಡ್ನಿ ಕೆಟ್ಟಿದ್ದರಲ್ಲಿ ನನ್ನ ಕೈಯೂ ಇದೆ.

ನಿಮಗೆ ಎಚ್‌ಐವಿ ಇದೆಯೆಂದು ತಿಳಿದಾಗ ನಾನು ಬಿಟ್ಟು ಹೋಗಲಿಲ್ಲ. ಎಲ್ಲಿಂದ ಬಂತು ಎಂದು ಆರು ತಿಂಗಳು ನಿಮ್ಮ ಪ್ರಾಣ ತಿಂದೆ, ನಿಜ. ಆದರೆ ಮಾತ್ರೆಯ ಹೊತ್ತಿಗೆ ಅಲಾರಂ ಇಟ್ಟವಳೂ ನಾನೇ. ಕ್ಲಿನಿಕ್ಕಿನ ಗುಂಪು ಸಭೆಗೆ ಸೋಂಕಿದ್ದವರಿಗೆ ಮಾತ್ರ ಪ್ರವೇಶ. ಹೊರಗಿನ ಬೆಂಚಿನಲ್ಲಿ ಕೂತು ಹೊಲಿಗೆಗೆ ಬಂದ ಶಾಲಾ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. ಒಳಗಿನಿಂದ ನಿಮ್ಮ ನಗು ಕೇಳುತ್ತಿತ್ತು. ಒಂದು ದಿನ ಬಾಗಿಲು ತೆರೆದಾಗ ಔಷಧಿ ಅಂಗಡಿಯ ಆ ಹೆಂಗಸು ನಿಮ್ಮ ಬಾಟಲಿಯ ನೀರು ಕುಡಿಯುತ್ತಿದ್ದಳು. ಅವಳಿಗೂ ಅದೇ ಸೋಂಕು, ಅದೇ ಮಾತ್ರೆ, ಅದೇ ಭಯ. ನನಗೋ ಯಾವ ಸೋಂಕೂ ತಗುಲದ ಹಾಳಾದ ಆರೋಗ್ಯ. ಕಾಯಿಲೆಯ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನೀವು ಪೆಟ್ಟಿಗೆ ಹಿಡಿದು ಅವಳ ಮನೆಗೆ ಹೋದ ದಿನ, ಏನೂ ಇಲ್ಲ ಎಂದಿದ್ದ ನನ್ನ ರಕ್ತಪರೀಕ್ಷೆಯ ಚೀಟಿಯನ್ನು ಹರಿದು ಹಾಕಿದೆ.

ನೀವು ಹೋಗಿ ಎರಡು ವರ್ಷಕ್ಕೆ ನಿಮ್ಮ ಹೆಸರಿಗೆ ಮೊದಲ ಲಕೋಟೆ ಬಂತು. ಬಿಳಿ ಲಕೋಟೆ, ಕಳಿಸಿದವರ ಹೆಸರಿಲ್ಲ, ದುಂಡಗಿನ ಹೆಣ್ಣಿನ ಅಕ್ಷರ. ಅವಳದೇ ಎಂದುಕೊಂಡೆ. ನನ್ನನ್ನು ಉರಿಸಲೆಂದೇ ಈ ವಿಳಾಸಕ್ಕೆ ಹಾಕಿದ್ದಾಳೆ ಎಂದು ಹೊಲಿಗೆ ಮಿಷನ್ನಿನ ಡ್ರಾಯರಿಗೆ ತುರುಕಿದೆ. ಒಡೆಯಲಿಲ್ಲ. ಒಡೆದರೆ ಅವಳ ಮುದ್ದುಮಾತು ಓದಬೇಕಾಗುತ್ತದಲ್ಲ. ಒಂದೂವರೆ ವರ್ಷದಲ್ಲಿ ಅಂಥ ಮೂರು ಬಂದವು.

ನೀವು ಆಸ್ಪತ್ರೆ ಸೇರಿದ ಸುದ್ದಿ ಬಂದ ದಿನ ಮೂರನ್ನೂ ಒಡೆದೆ. ಮುದ್ದುಮಾತು ಒಂದೂ ಇರಲಿಲ್ಲ. ಬರೆದವಳು ಕ್ಲಿನಿಕ್ಕಿನ ನರ್ಸು. ಹೊರಗಿನವರಿಗೆ ಗುಟ್ಟು ತಿಳಿಯಬಾರದೆಂದು ಅವರು ಲಕೋಟೆಯ ಮೇಲೆ ಏನನ್ನೂ ಅಚ್ಚು ಹಾಕಿಸುವುದಿಲ್ಲವಂತೆ, ವಿಳಾಸ ಕೈಯಲ್ಲೇ ಬರೆಯುತ್ತಾರಂತೆ. ಮೊದಲನೆಯದರಲ್ಲಿ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿದೆ, ಕಿಡ್ನಿಗೆ ತೊಂದರೆ ಇರಬಹುದು, ಮತ್ತೊಮ್ಮೆ ಪರೀಕ್ಷೆಗೆ ಬನ್ನಿ ಎಂದಿತ್ತು. ಎರಡನೆಯದರಲ್ಲಿ ಈಗಿನ ಮಾತ್ರೆ ಕಿಡ್ನಿಗೆ ಒಗ್ಗುತ್ತಿಲ್ಲ, ಬದಲಿಸಬೇಕು ಎಂದಿತ್ತು. ಮೂರನೆಯದರಲ್ಲಿ ‘ಕೂಡಲೇ’ ಎಂಬ ಮಾತಿನ ಕೆಳಗೆ ಎರಡು ಗೆರೆ.

ನಿಮ್ಮ ಹೊಸ ಫೋನ್ ನಂಬರು ಅವರ ಬಳಿ ಇರಲಿಲ್ಲ. ಒಮ್ಮೆ ರಕ್ತ ಕೊಟ್ಟು ಬಂದ ಮೇಲೆ ನೀವು ಅತ್ತ ಸುಳಿಯಲಿಲ್ಲ, ಆರು ತಿಂಗಳ ಮಾತ್ರೆ ಒಟ್ಟಿಗೆ ತರಲು ಔಷಧಿ ಅಂಗಡಿಯವಳೇ ಹೋಗುತ್ತಿದ್ದಳು. ಒಬ್ಬರ ರಕ್ತದ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದು ಕೌಂಟರಿನವರು ಬಾಯಿ ಬಿಡಲಿಲ್ಲ. ವಿಳಾಸವನ್ನಾದರೂ ಯಾಕೆ ಬದಲಿಸಲಿಲ್ಲ ನೀವು? ಮರೆತಿರೋ, ಇದೇ ನಿಮ್ಮ ಮನೆ ಎಂದುಕೊಂಡಿದ್ದಿರೋ? ಎರಡನೆಯದೇ ಇರಲಿ ಎಂಬ ಆಸೆ ನನಗಿದೆ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಕಿಡ್ನಿ ಡಾಕ್ಟರರನ್ನು ಕೇಳಿದೆ. ಬೇಗ ಮಾತ್ರೆ ಬದಲಿಸಿದ್ದರೆ ಇಷ್ಟು ಕೆಡುತ್ತಿರಲಿಲ್ಲವೇನೋ, ಆದರೆ ಈ ಸೋಂಕೇ ಕಿಡ್ನಿಯನ್ನು ತಿನ್ನುವುದೂ ಉಂಟು, ಖಚಿತವಾಗಿ ಹೇಳಲಾಗದು ಎಂದರು. ಆ ‘ಏನೋ’ ಹಿಡಿದುಕೊಂಡೇ ನಾನು ಉಸಿರಾಡುತ್ತಿದ್ದೇನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಅವಳ ಮೇಲಿನ ಕೋಪವನ್ನು ನಾನು ನಿಮ್ಮ ಕಿಡ್ನಿಯ ಮೇಲೆ ತೀರಿಸಿಕೊಂಡೆ.

ಕಿಡ್ನಿ ಕೊಡಲು ಅವಳೂ ಮುಂದೆ ಬಂದಳು, ನಿಮಗೆ ಗೊತ್ತು. ಸೋಂಕು ಹತೋಟಿಯಲ್ಲಿದ್ದರೆ ನಿಮ್ಮಂಥವರಿಗೆ ಅವಳಂಥವರೂ ಕೊಡಬಹುದಂತೆ. ಇಬ್ಬರೂ ಒಂದೇ ದಿನ ರಕ್ತ ಕೊಟ್ಟೆವು, ತೋಳಿಗೆ ಹತ್ತಿ ಒತ್ತಿಕೊಂಡು ಒಂದೇ ಬೆಂಚಿನಲ್ಲಿ ಕೂತೆವು. ಅವಳು ನನ್ನನ್ನು ಅಕ್ಕ ಎಂದಳು. ಮೈ ಉರಿದುಹೋಯಿತು. ಫಲಿತಾಂಶ ಬಂದ ದಿನ ಅವಳಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ, ನಾನೊಬ್ಬಳೇ ಹೋಗಿದ್ದೆ. ಫೋನ್ ಮಾಡಿ ಕೇಳಿದಳು. ನಿನ್ನದು ಹೊಂದುವುದಿಲ್ಲವಂತೆ ಕಣೇ ಎಂದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೊನೆಗೂ ಅವಳ ಕೈಲಾಗದ್ದು ಒಂದು ನನ್ನ ಕೈಲಾಗುತ್ತಿದೆ ಎಂದುಕೊಂಡೆ.

ನನ್ನನ್ನು ಕ್ಷಮಿಸಿ ಎಂದು ಕೇಳುತ್ತಿಲ್ಲ. ಕ್ಷಮಿಸಿದರೆ ಬೇಡವೆನ್ನುವುದೂ ಇಲ್ಲ.

ಕಾಗದದ ಮಟ್ಟಿಗೆ ಇನ್ನೂ ನಿಮ್ಮ ಹೆಂಡತಿ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಫೋನಿನಲ್ಲಿ ಅವಳಿಗೆ ನಾನು ಹೇಳಿದ್ದು ಸುಳ್ಳು. ಅವಳದೂ ಹೊಂದುತ್ತದೆ, ನನ್ನದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಡಾಕ್ಟರರಿಗೆ ಅವಳೇ ಹಿಂದೆ ಸರಿದಳು ಎಂದಿದ್ದೆ. ಅವಳಿಗೂ ತಿಳಿಸಿ ಎಂದು ಆಸ್ಪತ್ರೆಯ ಗುಮಾಸ್ತೆ ನನ್ನ ಕೈಗೇ ಕೊಟ್ಟ ವರದಿ ಇದರೊಳಗಿದೆ. ಇನ್ನೊಂದು ಕಾಗದ ಮುಚ್ಚಿಡುವ ಧೈರ್ಯ ನನಗಿಲ್ಲ. ಡಾಕ್ಟರರಿಗೆ ತೋರಿಸಿ ಯಾರದು ಬೇಕೋ ನೀವೇ ಹೇಳಿ. ಆದರೆ ಒಂದು ದಿನ ತಡೆದು ಹೇಳಿ. ಓದಿದ ತಕ್ಷಣ ಅವಳದು ಎಂದುಬಿಟ್ಟರೆ ನನ್ನಿಂದ ತಡೆದುಕೊಳ್ಳಲಾಗದು.